ತಡವಾಗಿ ಮಾತಾಡುವ ಮಕ್ಕಳು, ತಡವಾಗಿ ಎಚ್ಚರಾಗುವ ನಾವು

ಹೋದ ತಿಂಗಳು ನಮ್ಮ ಬೀದಿಯ ಮನೆಯೊಂದರಲ್ಲಿ ಮೊಮ್ಮಗನ ಎರಡನೆಯ ಹುಟ್ಟುಹಬ್ಬ. ಕರೆದಿದ್ದರು, ಹೋಗಿದ್ದೆ. ಹಜಾರದ ತುಂಬ ಬಲೂನು ಕಟ್ಟಿದ್ದರು. ಯಾರೋ ತುಂಟ ಹುಡುಗ ಒಂದಕ್ಕೆ ಪಿನ್ನು ಚುಚ್ಚಿದ. ಅಲ್ಲಿದ್ದ ಮಕ್ಕಳೆಲ್ಲ ಬೆಚ್ಚಿ ತಿರುಗಿದರು. ಒಂದು ಕೂಸು ಅತ್ತೇಬಿಟ್ಟಿತು. ಹುಟ್ಟುಹಬ್ಬದ ಮಗು ಮಾತ್ರ ನೆಲದ ಮೇಲೆ ಕುಳಿತು ತನ್ನ ಪಾಡಿಗೆ ಕಾರಿನ ಚಕ್ರ ತಿರುಗಿಸುತ್ತಿತ್ತು.

ಅಜ್ಜಿಯನ್ನು ಕೇಳಿದೆ: "ಮಾತು ಬಂದಿದೆಯೇ ತಾಯಿ?"

"ಇನ್ನೂ ಇಲ್ಲ ಮೇಷ್ಟ್ರೇ. ಇವರಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು. ಗಂಡುಮಕ್ಕಳಿಗೆ ಮಾತು ತಡ ಅಲ್ಲವೇ? ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದೇವೆ."

ನಾನು, "ಬಜೆ ಹಚ್ಚುವ ಮೊದಲು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ" ಎಂದುಬಿಟ್ಟೆ. ಅಲ್ಲಿಗೆ ಮಾತು ನಿಂತಿತು. ಪಕ್ಕದಲ್ಲಿದ್ದ ನನ್ನ ವಾಕಿಂಗ್ ಗೆಳೆಯರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ನನ್ನನ್ನು ಬಾಗಿಲ ಬಳಿ ಕರೆದೊಯ್ದು ಹೇಳಿದರು: "ಶುಭದ ದಿನ ಅಶುಭದ ಮಾತೇಕೆ ಮೇಷ್ಟ್ರೇ? ಈಗ ಹುಟ್ಟಿದ ಕೂಸಿಗೂ ಕಿವಿ ಪರೀಕ್ಷೆ ಅಂತೆ. ಎಲ್ಲ ಆಸ್ಪತ್ರೆಯವರ ದುಡ್ಡಿನ ದಾರಿ. ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ? ನಾವೆಲ್ಲ ಮಾತಾಡಲಿಲ್ಲವೇ?"

ಆ ದಿನ ಉತ್ತರ ಕೊಡದೆ ಮನೆಗೆ ಬಂದೆ. ಈ ಬರಹವೇ ನನ್ನ ಉತ್ತರ. ಸ್ವಲ್ಪ ಖಾರವಾಗಿದ್ದರೆ ಓದುಗ ಮಿತ್ರರು ಕ್ಷಮಿಸಬೇಕು. ಈ ಸಿಟ್ಟಿನಲ್ಲಿ ಹೆಚ್ಚಿನ ಪಾಲು ನನ್ನ ಮೇಲಿನದೇ ಎಂಬುದು ಮುಂದೆ ತಿಳಿಯುತ್ತದೆ.

"ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?" ಎಂಬ ಪ್ರಶ್ನೆಯಿಂದಲೇ ತೊಡಗುತ್ತೇನೆ. ಇತ್ತು ಸ್ವಾಮಿ. ನಾವು ನೋಡಲಿಲ್ಲ, ಅಷ್ಟೆ.

1987ರಲ್ಲಿ ನಾನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ, ಹೆಸರು ಬೇಡ. ಎತ್ತರವಾಗಿದ್ದನೆಂದು ಕೊನೆಯ ಬೆಂಚಿನಲ್ಲಿ ಕೂರಿಸಿದ್ದೆವು. ಹೆಸರು ಹಿಡಿದು ಕೂಗಿದರೆ ತಟ್ಟನೆ ಏಳುತ್ತಿದ್ದ. ಪ್ರಶ್ನೆ ಕೇಳಿದರೆ ಸುಮ್ಮನೆ ನನ್ನ ಬಾಯನ್ನೇ ನೋಡುತ್ತಿದ್ದ. ಉಕ್ತಲೇಖನ ಕೊಟ್ಟರೆ 'ಕಸ' ಎಂದದ್ದು 'ಕತ' ಆಗಿರುತ್ತಿತ್ತು, 'ಶಾಲೆ' ಎಂದದ್ದು 'ಹಾಲೆ' ಆಗಿರುತ್ತಿತ್ತು. ಪುಸ್ತಕ ನೋಡಿ ಬರೆ ಎಂದರೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ಇಷ್ಟು ಸುಳಿವು ಸಾಕಾಗಿತ್ತು. ಕಣ್ಣಿದ್ದವನಿಗೆ ಸಾಕಾಗಿತ್ತು. ನಾನು ಅವನಿಗೆ 'ಮೊದ್ದು' ಎಂದು ಹೆಸರಿಟ್ಟೆ. ಒಂದು ದಿನ ಪಾಠದ ನಡುವೆ ಬೇಸತ್ತು, ಬೋರ್ಡಿನ ಕಡೆ ತಿರುಗಿಕೊಂಡೇ, "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಇವನಿಗೆ ಪಾಠ ಹೇಳುವುದು" ಎಂದೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು ತಿರುಗಿ ನೋಡಿದಾಗ ಅವನೂ ನಗುತ್ತಿದ್ದ. ಎಲ್ಲರೂ ನಗುತ್ತಿದ್ದರಲ್ಲ, ಅದಕ್ಕೆ. ಭಂಡ ಹುಡುಗ ಎಂದುಕೊಂಡೆ.

ಎಸ್‌ಎಸ್‌ಎಲ್‌ಸಿಯಲ್ಲಿ ಅವನು ಫೇಲಾದ. ಮತ್ತೆ ಕಟ್ಟಲಿಲ್ಲ.

ಹದಿನೈದು ವರ್ಷಗಳ ತರುವಾಯ ಪಕ್ಕದ ಪೇಟೆಯಲ್ಲಿ ಅಂಗಿ ಹೊಲಿಸಲು ಒಂದು ಅಂಗಡಿಗೆ ಹೋದೆ. ಯಂತ್ರದ ಮುಂದೆ ಕುಳಿತಿದ್ದವನು ಎದ್ದು ಕಾಲು ಮುಟ್ಟಿದ. ಅವನೇ. ಎರಡು ಕಿವಿಗಳ ಹಿಂದೆಯೂ ಶ್ರವಣ ಸಾಧನವಿತ್ತು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಯಾರೋ ಗಿರಾಕಿ ಹೇಳಿದರೆಂದು ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿದನಂತೆ. ದಪ್ಪ ಸ್ವರಗಳು ಕೇಳಿಸುತ್ತವೆ, ಸಣ್ಣ ಸ್ವರಗಳು ಕೇಳಿಸುವುದಿಲ್ಲ, ಬಹುಶಃ ಹುಟ್ಟಿನಿಂದಲೇ ಹೀಗಿದೆ ಎಂದರಂತೆ. ನಾನು ಏನು ಹೇಳುವುದೆಂದು ತೋಚದೆ ನಿಂತಿದ್ದೆ. ಅವನು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ, ಯಾವ ಕಹಿಯೂ ಇಲ್ಲದೆ ಅಂದ: "ನೀವು ಪಾಠ ಮಾಡುವಾಗ ಬೋರ್ಡಿನ ಕಡೆ ತಿರುಗಿರುತ್ತಿದ್ದಿರಿ ಸಾರ್. ಬಯ್ಯುವಾಗ ಮಾತ್ರ ನನ್ನ ಕಡೆ ತಿರುಗುತ್ತಿದ್ದಿರಿ. ಅದಕ್ಕೇ ಬೈಗುಳವಷ್ಟೂ ಅರ್ಥವಾಗುತ್ತಿತ್ತು."

ಈ ಮಾತನ್ನು ನನ್ನ ಮೂವತ್ತೈದು ವರ್ಷಗಳ ಸೇವೆಯ ಪ್ರಶಸ್ತಿಪತ್ರವೆಂದು ಗೋಡೆಗೆ ತೂಗುಹಾಕಿಕೊಳ್ಳಬೇಕು.

ಈಗ ಹೇಳಿ, ನನ್ನ ಅಪರಾಧಕ್ಕೆ ಅಜ್ಞಾನವೆಂಬ ನೆಪ ಒಪ್ಪತಕ್ಕದ್ದೇ? ನಾನು 1981ರಲ್ಲಿ ಬಿ.ಎಡ್. ಮುಗಿಸಿದ್ದು ಮೈಸೂರಿನಲ್ಲೇ. ಮಾನಸಗಂಗೋತ್ರಿಯ ಮಗ್ಗುಲಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ. ಅದರ ಗೇಟಿನ ಮುಂದೆ ಎಷ್ಟೋ ಸಲ ಸೈಕಲ್ ತುಳಿದು ಹೋಗಿದ್ದೇನೆ, ಒಮ್ಮೆಯೂ ಒಳಗೆ ಹೋಗಲಿಲ್ಲ. ನಮಗೆ ರೂಸೋ, ಫ್ರೊಬೆಲ್, ಮಾಂಟೆಸೊರಿ ಎಲ್ಲರನ್ನೂ ಹೇಳಿಕೊಟ್ಟರು. ಪಾಠಟಿಪ್ಪಣಿ ಬರೆಯುವುದನ್ನು ಕಲಿಸಿದರು. ತರಗತಿಯಲ್ಲಿ ಕುಳಿತ ಮಗುವಿಗೆ ಮೇಷ್ಟರ ದನಿ ಕೇಳಿಸುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಬೇಕೆಂದು ಒಬ್ಬರೂ ಹೇಳಲಿಲ್ಲ. ಹೇಳಬೇಕಾಗಿತ್ತೆಂದು ನಮಗೂ ಅನ್ನಿಸಲಿಲ್ಲ. ದೇಶವೇ ನೋಡಲು ಬರುವ ಸಂಸ್ಥೆ ನಮ್ಮ ಹಿತ್ತಲಿನಲ್ಲಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಂಥವರಿಗಾಗಿಯೇ ಹುಟ್ಟಿರಬೇಕು.

ಇನ್ನು ಗೆಳೆಯರ ಎರಡನೆಯ ಮಾತು: ಹುಟ್ಟಿದ ಕೂಸಿಗೆಲ್ಲ ಪರೀಕ್ಷೆ ಏಕೆ? ಅವಸರವೇನು? ಮಗು ದೊಡ್ಡದಾದ ಮೇಲೆ ನೋಡಿದರಾಯಿತಲ್ಲ?

ಆಗುವುದಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ದಶಕಗಳ ಸಂಶೋಧನೆಯ ತೀರ್ಮಾನ. ಮಾತು ನಾಲಿಗೆಯಿಂದ ಹುಟ್ಟುವುದಿಲ್ಲ, ಕಿವಿಯಿಂದ ಹುಟ್ಟುತ್ತದೆ. ಕೂಸು ಗರ್ಭದ ಕೊನೆಯ ತಿಂಗಳುಗಳಲ್ಲೇ ತಾಯಿಯ ದನಿಯನ್ನು ಕೇಳಲು ತೊಡಗುತ್ತದೆ. ಹುಟ್ಟಿದ ಮೇಲಿನ ಮೊದಲ ಎರಡು ಮೂರು ವರ್ಷಗಳಲ್ಲಿ ಅದರ ಮಿದುಳು ಕೇಳಿದ್ದನ್ನೆಲ್ಲ ಕಟ್ಟಿಕೊಂಡು ಭಾಷೆಯ ಮನೆ ಎಬ್ಬಿಸುತ್ತದೆ. ಆ ಹೊತ್ತಿನಲ್ಲಿ ಕಿವಿಯಿಂದ ಏನೂ ಬಾರದೆ, ಕಣ್ಣಿಗೂ ಯಾವ ಭಾಷೆಯೂ ಕಾಣದೆ ಹೋದರೆ ಮನೆ ಎದ್ದೇಳುವುದಿಲ್ಲ. ಆಮೇಲೆ ಎಷ್ಟು ಇಟ್ಟಿಗೆ ತಂದು ಸುರಿದರೂ ಮೊದಲಿನ ಗಟ್ಟಿ ಬರುವುದು ಕಷ್ಟ.

ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶ್ರವಣದೋಷವಿದ್ದ 150 ಮಕ್ಕಳು. ಅವರಲ್ಲಿ 72 ಮಕ್ಕಳ ದೋಷ ಆರು ತಿಂಗಳೊಳಗೆ ಪತ್ತೆಯಾಗಿತ್ತು. ಉಳಿದ 78 ಮಕ್ಕಳದ್ದು ಆರು ತಿಂಗಳ ನಂತರ. ಬೇಗ ಪತ್ತೆಯಾಗಿ ಬೇಗ ನೆರವು ಪಡೆದ ಮಕ್ಕಳ ಭಾಷೆ ಎದ್ದು ಕಾಣುವಷ್ಟು ಮುಂದಿತ್ತು. ದೋಷ ಹೆಚ್ಚೋ ಕಡಿಮೆಯೋ, ಮನೆಯವರು ಬಡವರೋ ಸಿರಿವಂತರೋ, ಮಾತಿನಿಂದ ಕಲಿತರೋ ಸನ್ನೆಯಿಂದ ಕಲಿತರೋ, ಯಾವುದನ್ನು ಹಿಡಿದು ನೋಡಿದರೂ ಫಲ ಅದೇ. ನಿರ್ಣಾಯಕವಾದದ್ದು ಕಾಲ. ಆದುದರಿಂದಲೇ ತಜ್ಞರು ಮೂರು ಅಂಕಿಗಳನ್ನು ಮಂತ್ರದಂತೆ ಹೇಳುತ್ತ ಬಂದರು: 1, 3, 6. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿ. ಅನುಕೂಲವಿರುವ ಕಡೆಗಳಲ್ಲಿ ಇದನ್ನೂ 1, 2, 3ಕ್ಕೆ ಇಳಿಸಬೇಕೆಂದು 2019ರಲ್ಲಿ ಅಮೆರಿಕದ ತಜ್ಞರ ಜಂಟಿ ಸಮಿತಿ ಹೇಳಿತು. ನಾವು ಇಲ್ಲಿ "ಮೂರು ವರ್ಷ ಆಗಲಿ, ನೋಡೋಣ" ಎನ್ನುತ್ತಿದ್ದೇವೆ.

ಪರೀಕ್ಷೆಯಾದರೂ ಎಂಥದು? ಸೂಜಿಯಿಲ್ಲ, ರಕ್ತವಿಲ್ಲ, ನೋವಿಲ್ಲ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಒಂದು ವಿಚಿತ್ರವನ್ನು ಕಂಡುಹಿಡಿದರು. ಆರೋಗ್ಯವಂತ ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ಕೇಳಿದ್ದಕ್ಕೆ ಮಾರುತ್ತರವಾಗಿ ತಾನೇ ಅತಿ ಸಣ್ಣ ಸದ್ದೊಂದನ್ನು ಹೊರಕ್ಕೆ ಕಳಿಸುತ್ತದೆ. ಒಳಗಿವಿಯ ರೋಮಕೋಶಗಳ ಕೆಲಸವದು. ನಿದ್ದೆ ಮಾಡುತ್ತಿರುವ ಕೂಸಿನ ಕಿವಿಗೆ ಮೆತ್ತನೆಯ ಚಿಕ್ಕ ತುದಿಯೊಂದನ್ನು ಇಟ್ಟು, ಸದ್ದು ಕಳಿಸಿ, ಮಾರುತ್ತರ ಬಂದಿತೇ ಎಂದು ಯಂತ್ರ ನೋಡುತ್ತದೆ. ಕೆಲವು ನಿಮಿಷಗಳ ಕೆಲಸ. ಇದನ್ನೇ ಒಎಇ ಪರೀಕ್ಷೆ ಎನ್ನುವುದು. ಕೂಸಿನ ಹಿಂದೆ ನಿಂತು ತಟ್ಟೆ ಬಡಿದು, "ತಿರುಗಿತು, ಕಿವಿ ಸರಿಯಾಗಿದೆ" ಎಂದು ಸಮಾಧಾನಪಡುವ ನಮ್ಮ ಮನೆಮದ್ದಿನ ಪರೀಕ್ಷೆಗೂ ಇದಕ್ಕೂ ಅಜಗಜಾಂತರ. ನನ್ನ ಆ ವಿದ್ಯಾರ್ಥಿ ತಟ್ಟೆಯ ಸದ್ದಿಗೆ ಖಂಡಿತ ತಿರುಗುತ್ತಿದ್ದ. ತಟ್ಟೆಯ ಸದ್ದು ಬೇರೆ, 'ಸ'ಕಾರ 'ಶ'ಕಾರಗಳ ಸದ್ದು ಬೇರೆ.

ಈ ಪರೀಕ್ಷೆಗೂ ಮಿತಿಗಳಿವೆ, ಅದನ್ನು ಮುಚ್ಚಿಡಬಾರದು. ಹುಟ್ಟಿದ ಮೊದಲ ದಿನ ಕಿವಿಯಲ್ಲಿ ನೀರೋ ಮಡ್ಡಿಯೋ ಉಳಿದಿದ್ದರೆ, ಚೆನ್ನಾಗಿರುವ ಕಿವಿಯೂ 'ಫೇಲ್' ಎಂದು ತೋರಿಸಬಹುದು. ಅದಕ್ಕೇ ಎರಡನೆಯ ಸಲ ಕರೆಯುತ್ತಾರೆ. ಮೊದಲ ಸಲ ಫೇಲಾದ ಕೂಸುಗಳಲ್ಲಿ ಬಹುಪಾಲು ಎರಡನೆಯದರಲ್ಲಿ ಪಾಸಾಗುತ್ತವೆ. ಇನ್ನೊಂದು ಕಡೆ, ಒಳಗಿವಿ ಸರಿಯಿದ್ದು ನರದಲ್ಲಿ ದೋಷವಿದ್ದರೆ ಒಎಇಗೆ ಅದು ಸಿಕ್ಕುವುದಿಲ್ಲ. ದಿನ ತುಂಬದೆ ಹುಟ್ಟಿ ತೀವ್ರ ನಿಗಾ ಘಟಕದಲ್ಲಿದ್ದ ಮಕ್ಕಳಿಗೆ, ವಿಪರೀತ ಕಾಮಾಲೆ ಬಂದ ಮಕ್ಕಳಿಗೆ, ಹಣೆಗೆ ತಂತಿ ಅಂಟಿಸಿ ಮಿದುಳಿನ ಸ್ಪಂದನ ಅಳೆಯುವ ಎಬಿಆರ್ ಪರೀಕ್ಷೆಯೂ ಬೇಕು. ಹುಟ್ಟಿದಾಗ ಚೆನ್ನಾಗಿದ್ದ ಕಿವಿ ಆಮೇಲೆ ಕೆಡುವುದೂ ಉಂಟು. ಹೀಗೆಂದು ಪರೀಕ್ಷೆಯೇ ಬೇಡವೇ? ಜರಡಿಯಲ್ಲಿ ಒಂದೆರಡು ಕಲ್ಲು ನುಸುಳುತ್ತವೆಂದು ಯಾರೂ ಅಕ್ಕಿಯನ್ನು ಹಾಗೇ ಬೇಯಿಸುವುದಿಲ್ಲ.

"ಅಪಾಯವಿರುವ ಮಕ್ಕಳಿಗೆ ಮಾತ್ರ ಮಾಡಿದರೆ ಸಾಲದೇ?" ಎನ್ನುವವರೂ ಇದ್ದಾರೆ. ಸಾಲದು. ಹುಟ್ಟುಕಿವುಡಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಂಥ ಯಾವ ಸೂಚನೆಯೂ ಇರುವುದಿಲ್ಲ. ಸುಖಪ್ರಸವ, ಒಳ್ಳೆಯ ತೂಕ, ಜೋರು ಅಳು, ಎಲ್ಲವೂ ಇರುತ್ತದೆ. ಸಾವಿರ ಕೂಸುಗಳು ಹುಟ್ಟಿದರೆ ಒಂದರಿಂದ ಮೂರಕ್ಕೆ ಶಾಶ್ವತ ಶ್ರವಣದೋಷವಿರುತ್ತದೆ. ಲಕ್ಷಕ್ಕೆ ನೂರರಿಂದ ಮುನ್ನೂರು. ಆ ನೂರು ಮಕ್ಕಳನ್ನು ಮುಖ ನೋಡಿ ಹೇಳುತ್ತೇನೆನ್ನುವ ಧೀರರಿದ್ದರೆ ಮುಂದೆ ಬರಲಿ.

ಇನ್ನು ನಾಚಿಕೆಯ ಮಾತು. ಮಗು ಕಿವುಡೆಂದು ತಿಳಿದೊಡನೆ ನಮ್ಮಲ್ಲಿ ಮೊದಲು ಹುಡುಕುವುದು ವೈದ್ಯರನ್ನಲ್ಲ, ತಪ್ಪಿತಸ್ಥರನ್ನು. ಬಾಣಂತಿ ಗ್ರಹಣದಲ್ಲಿ ಹೊರಗೆ ಬಂದಳು, ಹರಕೆ ತೀರಿಸಲಿಲ್ಲ, ಅವಳ ತವರಿನ ರಕ್ತವೇ ಹಾಗೆ. ಕಿವುಡು ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಚೆನ್ನಾಗಿರುವ ತಂದೆತಾಯಿಗಳಿಗೆ. ಹುಟ್ಟುಕಿವುಡಿಗೆ ಅರ್ಧಕ್ಕಿಂತ ಹೆಚ್ಚು ಸಲ ಕಾರಣ ವಂಶವಾಹಿ. ಅದರಲ್ಲಿಯೂ ಬಹುಪಾಲು, ತಂದೆಯಿಂದೊಂದು ತಾಯಿಯಿಂದೊಂದು ದೋಷದ ಪ್ರತಿ ಬಂದು ಕೂಡಿದಾಗ ಮಾತ್ರ ಕಾಣಿಸಿಕೊಳ್ಳುವ ಬಗೆ. ಜಿಜೆಬಿ2 ಎಂಬ ವಂಶವಾಹಿಗೂ ಕಿವುಡಿಗೂ ಇರುವ ನಂಟು 1997ರಲ್ಲಿ ಬೆಳಕಿಗೆ ಬಂತು. ಅಂದಮೇಲೆ ತಾಯಿಯೊಬ್ಬಳನ್ನು ಕಟಕಟೆಗೆ ಏರಿಸುವುದು ವಿಜ್ಞಾನವೂ ಅಲ್ಲ, ಧರ್ಮವೂ ಅಲ್ಲ. ಆದರೆ ಸೋದರಮಾವನಿಗೆ ಹೆಣ್ಣು ಕೊಡುವ, ಅತ್ತೆಮಗಳನ್ನು ತರುವ ನಮ್ಮ ಪದ್ಧತಿಯಲ್ಲಿ ಒಂದೇ ಮನೆತನದ ಎರಡು ದೋಷದ ಪ್ರತಿಗಳು ಕೂಡುವ ಸಂಭವ ಹೆಚ್ಚುತ್ತದೆ. ನನ್ನ ಕುಟುಂಬದಲ್ಲಿಯೂ ಅಂಥ ಮದುವೆಗಳಾಗಿವೆ. ಯಾರನ್ನೂ ಹಳಿಯುತ್ತಿಲ್ಲ. ಜಾತಕವನ್ನು ಹತ್ತು ಸಲ ತಿರುವುವ ನಾವು ಈ ಒಂದು ಲೆಕ್ಕವನ್ನು ಏಕೆ ನೋಡಬಾರದು ಎಂದಷ್ಟೇ ಕೇಳುತ್ತಿದ್ದೇನೆ.

ತಡೆಯಬಹುದಾದ ಕಾರಣಗಳನ್ನೂ ನಾವು ತಡೆಯುತ್ತಿಲ್ಲ. ಮಕ್ಕಳ ಶ್ರವಣನಷ್ಟದಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ತಡೆಯಬಹುದಾದದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಸುರಿಗೆ ರುಬೆಲ್ಲಾ ತಗುಲಿದರೆ ಕೂಸಿನ ಕಣ್ಣು, ಹೃದಯ, ಕಿವಿ ಮೂರಕ್ಕೂ ಕೇಡು. ರುಬೆಲ್ಲಾಕ್ಕೂ ಹುಟ್ಟಿನಿಂದಲೇ ಬರುವ ಕಣ್ಣಿನ ಪೊರೆಗೂ ಇರುವ ಸಂಬಂಧವನ್ನು ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ ಗುರುತಿಸಿದ್ದು 1941ರಲ್ಲಿ. ಕಿವುಡಿನ ಸಂಬಂಧ ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ನಮ್ಮ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದದ್ದು 2017ರ ಫೆಬ್ರವರಿಯಲ್ಲಿ. ಮೊದಲ ಸುತ್ತಿನಲ್ಲೇ ಕರ್ನಾಟಕವಿತ್ತು. ನಾನಾಗ ಇನ್ನೂ ಸೇವೆಯಲ್ಲಿದ್ದೆ. ಲಸಿಕೆಯ ದಿನ ಎಷ್ಟೋ ಪೋಷಕರು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ವಾಟ್ಸಾಪಿನಲ್ಲಿ ಯಾರೋ ಏನನ್ನೋ ಬರೆದಿದ್ದರು. ಎಪ್ಪತ್ತಾರು ವರ್ಷ ಹಿಂದೆ ಕಂಡುಕೊಂಡ ಸತ್ಯ ಒಂದು ಸುಳ್ಳು ಸಂದೇಶಕ್ಕೆ ಸೋತದ್ದನ್ನು ನಾನು ಹಾಜರಿ ಪುಸ್ತಕದಲ್ಲಿ ಕಣ್ಣಾರೆ ಕಂಡೆ. ಕಿವಿ ಸೋರಿದರೆ ಬಿಸಿ ಎಣ್ಣೆ ಹಾಕುವ ಮನೆಗಳು ಈಗಲೂ ಇವೆ. ಸೋರುವ ಕಿವಿ ಅಲಕ್ಷ್ಯಕ್ಕೆ ಗುರಿಯಾದರೆ ಕೇಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಸರಕಾರದ ಕಡೆಗೂ ಒಂದು ಮಾತು. ಯೋಜನೆಗಳಿಲ್ಲ ಎನ್ನಲಾರೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ತೊಡಗಿತು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ನೋಡಬೇಕಾದ ಸ್ಥಿತಿಗಳ ಅದರ ಪಟ್ಟಿಯಲ್ಲಿ ಹುಟ್ಟುಕಿವುಡೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ನನ್ನ ದೂರು ಲೆಕ್ಕ ಕೊಡುವ ರೀತಿಯ ಬಗ್ಗೆ. ಎಷ್ಟು ಶಿಬಿರ ನಡೆಯಿತು, ಎಷ್ಟು ಸಾಧನ ಹಂಚಿದರು ಎಂಬುದು ಪತ್ರಿಕೆಯಲ್ಲಿ ಚಿತ್ರಸಮೇತ ಬರುತ್ತದೆ. ತಪಾಸಣೆಯಲ್ಲಿ ಫೇಲಾದ ಕೂಸುಗಳಲ್ಲಿ ಎಷ್ಟು ಎರಡನೆಯ ಪರೀಕ್ಷೆಗೆ ಬಂದವು? ಆರು ತಿಂಗಳೊಳಗೆ ಎಷ್ಟಕ್ಕೆ ಸಾಧನ ಸಿಕ್ಕಿತು? ಒಂದು ವರ್ಷದ ಮೇಲೆ ಎಷ್ಟು ಮಕ್ಕಳು ಅದನ್ನು ತೊಡುತ್ತಿವೆ? ಈ ಮೂರು ಅಂಕಿಗಳನ್ನು ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ ಊರವರ ಮುಂದಿಡಲಿ. ತಪಾಸಣೆ ಮಾಡಿ ಬೆನ್ನು ಹತ್ತದೆ ಬಿಡುವುದೆಂದರೆ ಉತ್ತರ ಪತ್ರಿಕೆ ತಿದ್ದಿ ಫಲಿತಾಂಶ ಹೇಳದಿದ್ದಂತೆ. ನೆರೆಯ ಕೇರಳದ ಕೊಚ್ಚಿಯಲ್ಲಿ ಮಕ್ಕಳ ವೈದ್ಯರು 2003ರಲ್ಲೇ ಒಂದು ಉಪಾಯ ಮಾಡಿದರು. ಪ್ರತಿ ಆಸ್ಪತ್ರೆಗೂ ಒಂದು ಯಂತ್ರ ಕೊಳ್ಳುವ ಬದಲು, ಒಂದೇ ಯಂತ್ರವನ್ನು ಹಿಡಿದು ತಂತ್ರಜ್ಞರು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕೂಸುಗಳನ್ನು ಪರೀಕ್ಷಿಸುವ ಏರ್ಪಾಟು. ದುಡ್ಡಿಲ್ಲ ಎನ್ನುವ ನಮ್ಮವರು ಒಮ್ಮೆ ಅತ್ತ ನೋಡಬಹುದು.

ಉಪಾಧ್ಯಾಯ ಬಂಧುಗಳೇ, ಈಗ ನಿಮ್ಮ ಸರದಿ. ಮಾತು ತಡವಾದ ಮಗುವನ್ನು 'ಬುದ್ಧಿಮಾಂದ್ಯ' ಎಂದೋ 'ಆಟಿಸಂ' ಎಂದೋ ಕರೆಯುವ ಅವಸರ ಬೇಡ. ಅವು ಇರಬಹುದು, ಇಲ್ಲದಿರಬಹುದು. ಎರಡೂ ಒಟ್ಟಿಗೆ ಇರುವುದೂ ಅಪರೂಪವಲ್ಲ. ಆದರೆ ಮೊದಲ ಪರೀಕ್ಷೆ ಕಿವಿಯದೇ ಆಗಬೇಕು. ಕೇಳದ ಮಗು ಆಜ್ಞೆ ಪಾಲಿಸುವುದಿಲ್ಲ, ತಿರುಗಿ ನೋಡುವುದಿಲ್ಲ, ಗುಂಪಿನಿಂದ ದೂರ ಸರಿಯುತ್ತದೆ, ಸಿಟ್ಟಾಗುತ್ತದೆ. ಇವನ್ನೆಲ್ಲ ಬುದ್ಧಿಯ ಲೆಕ್ಕಕ್ಕೆ ಬರೆದುಬಿಡುವುದು ಬಹಳ ಸುಲಭ. ನಾನು ಬರೆದಿದ್ದೆ. ಬಾಯನ್ನೇ ನೋಡುವ, ಪದೇ ಪದೇ "ಆಂ?" ಎನ್ನುವ, ಉಕ್ತಲೇಖನದಲ್ಲಿ ಮಾತ್ರ ಎಡವುವ ಮಗು ಕಂಡರೆ ಅದನ್ನು ಮುಂದಿನ ಬೆಂಚಿಗೆ ತನ್ನಿ, ಅದರ ಮುಖ ನೋಡಿ ಪಾಠ ಮಾಡಿ, ತಂದೆತಾಯಿಗೆ ಹೇಳಿ ಕಳಿಸಿ. ಬೋರ್ಡಿಗೆ ಪಾಠ ಹೇಳುವ ಚಟವನ್ನು ಬಿಡಿ.

ಪತ್ತೆಯಾದ ಮೇಲೆ ಏನು? ಇಲ್ಲಿ ಪಂಡಿತರ ಹಳೆಯ ಜಗಳವೊಂದಿದೆ: ಮಾತು ಕಲಿಸಬೇಕೋ, ಸಂಜ್ಞಾ ಭಾಷೆ ಕಲಿಸಬೇಕೋ? 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಸನ್ನೆಯನ್ನು ತರಗತಿಯಿಂದ ಹೊರಗಟ್ಟುವ ನಿರ್ಣಯ ಮಾಡಿತು. ಮಕ್ಕಳ ಕೈಗಳನ್ನು ಸುಮ್ಮನಾಗಿಸಿದ ಆ ನಿರ್ಣಯಗಳನ್ನು ಅದೇ ಪರಂಪರೆಯ ಸಮ್ಮೇಳನ ವ್ಯಾಂಕೂವರಿನಲ್ಲಿ ಔಪಚಾರಿಕವಾಗಿ ತಳ್ಳಿಹಾಕಿದ್ದು 2010ರಲ್ಲಿ, ನೂರಮೂವತ್ತು ವರ್ಷಗಳ ಮೇಲೆ. ನಮ್ಮ ದೇಶದಲ್ಲಿ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನಾ ಕೇಂದ್ರ ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾಯಿತು. ನನ್ನ ನಿಲುವು ಇಷ್ಟೇ: ಮಗುವಿಗೆ ಬೇಕಾದದ್ದು ಭಾಷೆ, ಮತ್ತು ಅದು ಬೇಗ ಬೇಕು. ಶ್ರವಣ ಸಾಧನದಿಂದ ಬರಲಿ, ಕಾಕ್ಲಿಯರ್ ಇಂಪ್ಲಾಂಟಿನಿಂದ ಬರಲಿ, ಕೈಬೆರಳುಗಳಿಂದ ಬರಲಿ, ಎಲ್ಲವೂ ಸೇರಿ ಬರಲಿ. ಯಾವುದೂ ಇಲ್ಲದೆ ಐದು ವರ್ಷ ಕಳೆಯುವುದೊಂದೇ ಪಾಪ. ಇಂಪ್ಲಾಂಟ್ ಮಾಡಿಸಿದೊಡನೆ ಮಗು ಮಾತಾಡುತ್ತದೆಂಬುದೂ ಭ್ರಮೆ. ಅದರ ಹಿಂದೆ ವರ್ಷಗಳ ತರಬೇತಿ ಇದೆ, ಯಂತ್ರದ ನಿರ್ವಹಣೆಯ ಖರ್ಚಿದೆ. ಮೈಸೂರಿನ ಸಂಸ್ಥೆಯ ಶಿಶುವಿಹಾರದಲ್ಲಿ ಮಕ್ಕಳ ಜೊತೆ ತಾಯಂದಿರೂ ಕುಳಿತು ಕಲಿಯುತ್ತಾರೆ. ಅಡುಗೆ ಮಾಡುತ್ತ, ಸ್ನಾನ ಮಾಡಿಸುತ್ತ ಮಗುವಿನೊಡನೆ ಹೇಗೆ ಮಾತಾಡಬೇಕೆಂಬುದೇ ಅಲ್ಲಿನ ಪಾಠ. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಒಂದು ವಾರ ಅಂಥ ಕಡೆ ಹಿಂದಿನ ಸಾಲಿನಲ್ಲಿ ಕುಳಿತರೆ, ಹತ್ತು ಪಾಠಟಿಪ್ಪಣಿಗಿಂತ ಹೆಚ್ಚು ಕಲಿಯುತ್ತಾರೆ.

ನನ್ನ ಬ್ಯಾಂಕ್ ಗೆಳೆಯರು ಇದನ್ನು ಓದಿದರೆ, "ಮೇಷ್ಟ್ರು ಉದ್ದ ಪಾಠ ಮಾಡಿದರು" ಎನ್ನಬಹುದು. ಅವರಿಗೆ ಅವರದೇ ಭಾಷೆಯಲ್ಲಿ ಹೇಳುವುದಾದರೆ, ಮಗುವಿನ ಮೊದಲ ಮೂರು ವರ್ಷ ವಾಯಿದೆ ಮುಗಿದರೆ ನವೀಕರಿಸಲಾಗದ ಠೇವಣಿ.

ಬರಹ ಮುಗಿಸುವ ಮುನ್ನ ಒಂದು ಸುದ್ದಿ. ಮೊನ್ನೆ ಸಂಜೆ ಆ ಅಜ್ಜಿ ನಮ್ಮ ಮನೆಗೆ ಬಂದಿದ್ದರು. ಮೊದಲು ನನ್ನ ಹೆಂಡತಿಯೊಡನೆ ಉಪ್ಪಿನಕಾಯಿಯ ಮಾತಾಡಿದರು. ಆಮೇಲೆ ಹೊಸ್ತಿಲ ಬಳಿ ನಿಂತು ಕೇಳಿದರು: "ಮೇಷ್ಟ್ರೇ, ಮೈಸೂರಿನ ಆ ಕಿವಿ ಆಸ್ಪತ್ರೆಗೆ ಬೆಳಗಿನ ಎಷ್ಟು ಗಂಟೆಯ ಬಸ್ಸು ಹಿಡಿದರೆ ಅನುಕೂಲ?" ನಮ್ಮೂರಿನಿಂದ ಎರಡು ಗಂಟೆಯ ಹಾದಿ. ಆರೂವರೆಯ ಬಸ್ಸು ಹೇಳಿದೆ. ಸೋಮವಾರ ಹೊರಡುತ್ತಾರೆ.

ಮಗುವಿನ ಕಿವಿ ಚೆನ್ನಾಗಿಯೇ ಇರಲಿ. ನನ್ನ ಅನುಮಾನ ಸುಳ್ಳಾಗಲಿ, ಬೀದಿಯವರೆಲ್ಲ ನನ್ನನ್ನು ನೋಡಿ ನಗಲಿ. ನಗುವಾಗ ಆ ಮಗುವೂ ಜೊತೆಗೆ ನಗಲಿ, ಏತಕ್ಕೆ ನಗುತ್ತಿದ್ದಾರೆಂದು ಕೇಳಿಸಿಕೊಂಡು ನಗಲಿ.